ಸಿಡಿ ಓದುತ್ತದೆ, ಡಿವಿಡಿ ಓದುತ್ತಿಲ್ಲ: ಡ್ರೈವ್ ಕೆಟ್ಟಿದೆಯಾ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನ ಡಿವಿಡಿ ಡ್ರೈವನ್ನು ಒಂದು ವರ್ಷದಿಂದ ಮುಟ್ಟಿರಲಿಲ್ಲ. ಮೊನ್ನೆ, ಮಗಳು ಚಿಕ್ಕವಳಿದ್ದಾಗ ತೆಗೆದ ವಿಡಿಯೊಗಳಿರುವ ಡಿವಿಡಿ ಹಾಕಿದೆ. ಟ್ರೇ ಒಳಗೆ ಹೋಗುತ್ತದೆ, ಡಿಸ್ಕ್ ತಿರುಗುವ ಸದ್ದು ಬರುತ್ತದೆ, ಲೈಟ್ ಮಿಣಮಿಣ ಎನ್ನುತ್ತದೆ, ಆಮೇಲೆ ಎಲ್ಲ ನಿಂತುಹೋಗುತ್ತದೆ. ಡ್ರೈವ್‌ಗೆ ಡಿಸ್ಕ್ ಹಾಕಿ ಎಂದು ವಿಂಡೋಸ್ ಹೇಳುತ್ತದೆ. ಇನ್ನೆರಡು ಡಿವಿಡಿ ಹಾಕಿ ನೋಡಿದರೂ ಅದೇ ಕತೆ. ಆದರೆ ಹಳೆಯ ಹಾಡಿನ ಸಿಡಿಯೊಂದು ಚೆನ್ನಾಗಿಯೇ ಓಡಿತು. ಪರಿಚಯದವರೊಬ್ಬರು ವಿಂಡೋಸ್ ಹೊಸದಾಗಿ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಬೇಡ. ದಯವಿಟ್ಟು ಹಾಕಿಸಬೇಡಿ. ವಿಂಡೋಸ್ ಹೊಸದಾಗಿ ಹಾಕಿದರೆ ನಿಮ್ಮ ಫೈಲುಗಳು ಹೋಗುವ ಅಪಾಯವಿದೆ, ಡ್ರೈವ್ ಮಾತ್ರ ಹೀಗೇ ಇರುತ್ತದೆ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ನಿಮ್ಮ ಪತ್ರದಲ್ಲೇ ಇದೆ. ಹಾಡಿನ ಸಿಡಿ ಓಡಿತು ಎಂದಿರಿ. ಅಂದರೆ ಡ್ರೈವ್‌ಗೆ ಕರೆಂಟ್ ಸಿಗುತ್ತಿದೆ, ಕೇಬಲ್ ಸರಿಯಿದೆ, ಮೋಟಾರ್ ತಿರುಗುತ್ತಿದೆ, ವಿಂಡೋಸ್ ಡ್ರೈವನ್ನು ಗುರುತಿಸುತ್ತಿದೆ. ಕೆಟ್ಟಿರಬಹುದಾದ ಜಾಗ ಎರಡೇ: ಡಿವಿಡಿ ಓದುವ ಕಣ್ಣು, ಇಲ್ಲವೇ ಆ ಡಿಸ್ಕುಗಳು.

ಕಣ್ಣು ಅಂದೆ. ಡಿವಿಡಿ ಡ್ರೈವ್‌ಗೆ ನಿಜವಾಗಿ ಎರಡು ಕಣ್ಣುಗಳಿವೆ. ಸಿಡಿ ಓದಲು ಒಂದು ಲೇಸರ್, ಡಿವಿಡಿ ಓದಲು ಇನ್ನೊಂದು. ಸಿಡಿಯ ಲೇಸರ್ ಬೆಳಕಿನ ಅಲೆಯುದ್ದ 780 ನ್ಯಾನೊಮೀಟರ್, ಡಿವಿಡಿಯದು 650. ಬ್ಲೂ-ರೇ ಡ್ರೈವ್ ಆದರೆ 405 ನ್ಯಾನೊಮೀಟರಿನ ಮೂರನೆಯದೂ ಇರುತ್ತದೆ. ಹೊರಗಿನಿಂದ ನೋಡಿದರೆ ಸಣ್ಣ ಮಣಿಯಂಥ ಒಂದೇ ಲೆನ್ಸ್ ಕಾಣುತ್ತದೆ, ಅಷ್ಟೆ. ಹಿಂದಿರುವ ಎರಡು ಲೇಸರ್‌ಗಳು ಒಟ್ಟಿಗೆ ಸಾಯಬೇಕೆಂದೇನಿಲ್ಲ. ಒಂದು ಮಂಕಾಗಿ ಇನ್ನೊಂದು ಗಟ್ಟಿಯಾಗಿರುವುದು ತೀರಾ ಸಾಮಾನ್ಯ. ಆಗ ಸಿಡಿ ಓದುತ್ತದೆ, ಡಿವಿಡಿ ಓದುವುದಿಲ್ಲ. ಕೆಲವು ಡ್ರೈವ್‌ಗಳಲ್ಲಿ ತಿರುಗುಮುರುಗಾಗುವುದೂ ಉಂಟು.

ಹಾಗಂತ ಲೇಸರ್ ಸತ್ತೇಹೋಯಿತು ಎಂದು ಈಗಲೇ ತೀರ್ಮಾನ ಮಾಡಬೇಡಿ. ಬರೀ ಧೂಳೂ ಇದೇ ಲಕ್ಷಣ ತೋರಿಸುತ್ತದೆ. ಸಿಡಿಯಲ್ಲಿ ಒಂದು ಸಾಲಿಗೂ ಪಕ್ಕದ ಸಾಲಿಗೂ 1.6 ಮೈಕ್ರೊಮೀಟರ್ ಅಂತರ. ಡಿವಿಡಿಯಲ್ಲಿ ಅದು 0.74 ಮಾತ್ರ. ನಮ್ಮ ತಲೆಕೂದಲೊಂದರ ದಪ್ಪದಲ್ಲಿ ಡಿವಿಡಿಯ ಸುಮಾರು ನೂರು ಸಾಲು ಹಿಡಿಸುತ್ತವೆ. ಅಷ್ಟು ಸಣ್ಣ ಬರಹ ಓದಬೇಕಾದಾಗ ಲೆನ್ಸ್ ಮೇಲಿನ ತೆಳು ಪೊರೆಯೂ ಅಡ್ಡ ಬರುತ್ತದೆ. ದಪ್ಪ ಅಕ್ಷರದ ಸಿಡಿ ಅದೇ ಪೊರೆಯ ಹಿಂದಿನಿಂದಲೂ ಕಾಣುತ್ತದೆ. ನಿಮ್ಮ ಡ್ರೈವ್ ಒಂದು ವರ್ಷ ಸುಮ್ನೆ ಕೂತಿತ್ತು ಅಲ್ವಾ? ಹಾಗಾಗಿ ನನ್ನ ಮೊದಲ ಅನುಮಾನ ಧೂಳಿನ ಮೇಲೆಯೇ.

ಆದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕಂಪನಿಯಲ್ಲೇ ಅಚ್ಚಾಗಿ ಬಂದ ಸಿನಿಮಾ ಡಿವಿಡಿಯೊಂದನ್ನು ಹುಡುಕಿ. ಅಂಥದ್ದರ ಓದುವ ಬದಿ ಬೆಳ್ಳಿಯಂತೆ ಹೊಳೆಯುತ್ತದೆ. ಮನೆಯಲ್ಲಿ ಬರೆದ ಡಿಸ್ಕಿನ ಅದೇ ಬದಿಯಲ್ಲಿ ಸ್ವಲ್ಪ ನೇರಳೆ ಛಾಯೆ ಇರುತ್ತದೆ. ನೀವು ಹಾಕಿದ ಮೂರೂ ಡಿವಿಡಿಗಳು ಮನೆಯಲ್ಲಿ ಬರೆದವೇ? ಪತ್ರದಲ್ಲಿ ಹೇಳಿಲ್ಲ. ಉತ್ತರ ಬದಲಾಗುವುದು ಇಲ್ಲೇ. ಅಚ್ಚಿನ ಡಿವಿಡಿ ಓದಿ, ಬರೆದ ಡಿವಿಡಿ ಮಾತ್ರ ಓದದಿದ್ದರೆ ಡ್ರೈವಿಗಿಂತ ಡಿಸ್ಕುಗಳ ಮೇಲೆ ಅನುಮಾನ ಜಾಸ್ತಿ. ಅಚ್ಚಿನದೂ ಓದದಿದ್ದರೆ ದೋಷ ಡ್ರೈವಿನಲ್ಲಿದೆ. ಎಲ್ಲವನ್ನೂ ಓದುತ್ತದೆ, ಆದರೆ ತುಂಬ ಹೊತ್ತು ತೆಗೆದುಕೊಳ್ಳುತ್ತದೆ ಎಂದಾದರೆ ಲೆನ್ಸ್ ಕೊಳೆಯಾಗಿದೆ, ಅಥವಾ ಲೇಸರ್ ಮಂಕಾಗುವ ಹಾದಿಯಲ್ಲಿದೆ. ಈ ಮೂರನೆಯ ಸ್ಥಿತಿಯಲ್ಲಿದ್ದರೆ ಸಮಯ ಕಳೆಯಬೇಡಿ, ಓದುತ್ತಿರುವಾಗಲೇ ಡಿಸ್ಕುಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ.

ಪರೀಕ್ಷೆ ಮಾಡುವಾಗ ಕಿವಿಗೊಟ್ಟು ಕೇಳಿ. ಡ್ರೈವ್‌ನಷ್ಟು ಬಾಯಿಬಿಟ್ಟು ಹೇಳುವ ಭಾಗ ಕಂಪ್ಯೂಟರಿನಲ್ಲಿ ಇನ್ನೊಂದಿಲ್ಲ. ಆರೋಗ್ಯವಾಗಿದ್ದರೆ ಡಿಸ್ಕ್ ತಿರುಗಲು ಶುರುವಾಗುತ್ತದೆ, ಲೆನ್ಸ್ ಸರಿದಾಡುವ ಸಣ್ಣ ಟಿಕ್ ಟಿಕ್ ಕೇಳುತ್ತದೆ, ಆಮೇಲೆ ಒಂದೇ ಸಮನೆ ಗುಂಯ್‌ಗುಡುತ್ತದೆ. ಕಣ್ಣು ಮಂಜಾದ ಡ್ರೈವ್ ವೇಗ ಹಿಡಿಯುತ್ತದೆ, ನಿಧಾನವಾಗುತ್ತದೆ, ಮತ್ತೆ ವೇಗ ಹಿಡಿಯುತ್ತದೆ, ಮೂರ್ನಾಲ್ಕು ಸಲ ಹೀಗೆ ಮಾಡಿ ಕೈಚೆಲ್ಲುತ್ತದೆ. ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ. ಡಿಸ್ಕ್ ತಿರುಗುವುದೇ ಇಲ್ಲ ಎಂದಾದರೆ ಎಷ್ಟೋ ಜನ ಮೋಟಾರ್ ಸುಟ್ಟಿದೆ ಅಂದುಕೊಳ್ಳುತ್ತಾರೆ. ಯಾವಾಗಲೂ ಹಾಗಲ್ಲ. ಎಷ್ಟೋ ಡ್ರೈವ್‌ಗಳು ಮೊದಲು ಲೆನ್ಸನ್ನು ಮೇಲೆ ಕೆಳಗೆ ಆಡಿಸಿ, ಡಿಸ್ಕಿನಿಂದ ಬೆಳಕು ಮರಳಿ ಬರುತ್ತದಾ ಎಂದು ನೋಡುತ್ತವೆ. ಬೆಳಕು ಬಾರದಿದ್ದರೆ ಡಿಸ್ಕೇ ಇಲ್ಲವೆಂದು ತಿಳಿದು ಮೋಟಾರನ್ನು ತಿರುಗಿಸುವುದೇ ಇಲ್ಲ. ಹಾಗಾಗಿ ಅಲ್ಲೂ ಮೊದಲು ನೋಡಬೇಕಾದ್ದು ಲೆನ್ಸನ್ನೇ.

ಈಗ ಡಿಸ್ಕ್ ಒರೆಸುವ ವಿಷಯ. ಮೆತ್ತನೆಯ, ನೂಲು ಬಿಡದ ಬಟ್ಟೆ ತೆಗೆದುಕೊಳ್ಳಿ. ಕನ್ನಡಕ ಒರೆಸುವ ಬಟ್ಟೆ ತುಂಬ ಒಳ್ಳೆಯದು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತುಸುತ್ತಾಗಿ ಒರೆಸಬೇಡಿ. ಕಾರಣ ಇದೆ: ಬರಹದ ಸಾಲು ಸುರುಳಿಯಂತೆ ಸುತ್ತುತ್ತಾ ಹೋಗಿರುತ್ತದೆ. ಅದಕ್ಕೆ ಅಡ್ಡವಾಗಿ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೂ ಬಿದ್ದ ಗೀರು ಮಾಹಿತಿಯ ದೊಡ್ಡ ತುಣುಕನ್ನೇ ನುಂಗುತ್ತದೆ. ತೂತಿನ ಸುತ್ತಲಿನ ಜಾಗವನ್ನು ಇನ್ನೂ ಗಮನವಿಟ್ಟು ಒರೆಸಿ. ಡಿಸ್ಕನ್ನು ಓದುವುದು ಒಳಗಿನಿಂದ ಹೊರಕ್ಕೆ. ಈ ಡಿಸ್ಕ್ ಯಾವ ಬಗೆಯದು, ಇದರಲ್ಲಿ ಏನೇನು ಎಲ್ಲೆಲ್ಲಿದೆ ಎಂಬುದೆಲ್ಲ ಆ ಒಳಬಳೆಯಲ್ಲಿರುತ್ತದೆ. ಅಲ್ಲಿ ಒಂದು ಬೆರಳಚ್ಚು ಬಿದ್ದರೆ, ಉಳಿದ ಡಿಸ್ಕ್ ಹೊಸದರಂತಿದ್ದರೂ ತೆರೆದುಕೊಳ್ಳದೆ ಇರಬಹುದು. ಜಿಡ್ಡು ಇದ್ದರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ ಹಾಕಿ.

ಒಂದು ಎಚ್ಚರಿಕೆ. ತೂತಿನ ಬಳಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಡಿಸ್ಕನ್ನು ಡ್ರೈವ್‌ಗೆ ಹಾಕಬೇಡಿ. 52 ಪಟ್ಟು ವೇಗದ ಸಿಡಿ ಡ್ರೈವ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟುತ್ತದೆ. ಬಿರುಕು ಬಿಟ್ಟ ಡಿಸ್ಕ್ ಒಳಗೇ ಚೂರುಚೂರಾಗಬಹುದು. ಕಾಗದದ ಲೇಬಲ್ ಅಂಟಿಸಿದ ಡಿಸ್ಕಾದರೆ ಅದರ ಅಂಚು ಎದ್ದಿದೆಯಾ ನೋಡಿ. ಎದ್ದ ಲೇಬಲ್ ಡಿಸ್ಕನ್ನು ನಡುಗಿಸುತ್ತದೆ, ಕಿತ್ತು ಬಂದರೆ ಡ್ರೈವ್ ಒಳಗೆ ಸುತ್ತಿಕೊಳ್ಳುತ್ತದೆ. ಆದರೆ ಆ ಲೇಬಲನ್ನು ಎಳೆದು ಕೀಳಲೂ ಹೋಗಬೇಡಿ, ಮುಖ್ಯವಾಗಿ ಸಿಡಿಯದ್ದನ್ನು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ಲಿನ ಕೆಳಗೇ, ತೆಳ್ಳನೆಯ ಮೆರುಗಿನ ಅಡಿಯಲ್ಲಿ. ಲೇಬಲ್ಲಿನ ಜೊತೆ ಮಾಹಿತಿಯೂ ಸುಲಿದು ಬರುತ್ತದೆ. ಡಿವಿಡಿಯಲ್ಲಿ ಆ ಪದರ ಎರಡು ಬಿಲ್ಲೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ.

ಇನ್ನು ಲೆನ್ಸ್. ಸುಲಭದ ದಾರಿಯಿಂದ ಶುರುಮಾಡಿ. ಟ್ರೇ ಹೊರಗೆ ತೆಗೆದು, ಕಂಪ್ಯೂಟರ್ ಆಫ್ ಮಾಡಿ, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಒಳಗೆ ನಾಲ್ಕಾರು ಸಲ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಇದರಿಂದ ಆಗದಿದ್ದರೆ ಲೆನ್ಸ್ ಕ್ಲೀನರ್ ಡಿಸ್ಕ್ ಸಿಗುತ್ತದೆ, ಅದರ ಅಡಿಯಲ್ಲಿ ಪುಟ್ಟ ಬ್ರಷ್ ಇರುತ್ತದೆ. ಒಣ ಧೂಳಿಗೆ ಅದು ಸಾಕು, ಜಿಡ್ಡಿನ ಪೊರೆಗೆ ಸಾಲದು.

ನಿಜವಾಗಿ ಕೆಲಸ ಮಾಡುವುದು ಕೈಯಿಂದ ಒರೆಸುವುದೇ. ಲ್ಯಾಪ್‌ಟಾಪ್ ಡ್ರೈವ್ ಇರುವವರಿಗೆ ಇದು ಸುಲಭ, ಟ್ರೇ ಎಳೆದರೆ ಲೆನ್ಸ್ ಅದರ ಮೇಲೇ ಕಾಣುತ್ತದೆ. ನಿಮ್ಮದು ಡೆಸ್ಕ್‌ಟಾಪ್, ಹಾಗಾಗಿ ಡ್ರೈವನ್ನು ಹೊರತೆಗೆಯಬೇಕು. ಮೊದಲು ಪ್ಲಗ್ ಕೀಳಿ. ಡ್ರೈವಿನ ಎರಡು ಕೇಬಲ್ ಬಿಡಿಸಿ, ಪಕ್ಕದ ಸ್ಕ್ರೂ ತೆಗೆದು ಡ್ರೈವನ್ನು ಮುಂದಕ್ಕೆ ಸರಿಸಿ. ಅಡಿಭಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಇರುತ್ತವೆ. ಮುಂದಿನ ಮುಖ ಬಿಡಿಸಲು ಟ್ರೇ ಸ್ವಲ್ಪ ಹೊರಗಿರಬೇಕು. ಮುಖದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತು ಇದೆಯಲ್ಲ, ಅದಕ್ಕೆ ನೇರಮಾಡಿದ ಪೇಪರ್ ಕ್ಲಿಪ್ ತೂರಿಸಿ ಮೆಲ್ಲಗೆ ಒತ್ತಿದರೆ ಟ್ರೇ ಹೊರಬರುತ್ತದೆ. ಮೇಲಿನ ತಗಡು ತೆಗೆದರೆ ಲೆನ್ಸ್ ಕಾಣುತ್ತದೆ. ಹತ್ತಿಯ ಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, 90 ಪರ್ಸೆಂಟ್ ಅಥವಾ ಹೆಚ್ಚಿನದು. ಲೆನ್ಸ್ ಮೇಲೆ ನಿಧಾನವಾಗಿ ಒಂದೆರಡು ಸುತ್ತು ತಿರುಗಿಸಿ, ಒಣ ಕಡ್ಡಿಯಿಂದ ಮತ್ತೊಮ್ಮೆ ಒರೆಸಿ. ಒತ್ತಬೇಡಿ. ಆ ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ತಂತಿ ಸ್ವಲ್ಪ ಬಾಗಿದರೂ ಡ್ರೈವ್ ಮುಗಿಯಿತು. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡವೇ ಬೇಡ, ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ ಲೆನ್ಸನ್ನು ಕರಗಿಸುತ್ತದೆ.

ಒಂದು ಮಾತು, ದಯವಿಟ್ಟು ನೆನಪಿಡಿ: ಮುಚ್ಚಳ ತೆಗೆದ ಡ್ರೈವನ್ನು ಯಾವತ್ತೂ ಆನ್ ಮಾಡಬೇಡಿ. ಡಿಸ್ಕ್ ಬರೆಯುವ ಡ್ರೈವಿನ ಲೇಸರ್ ಕಣ್ಣನ್ನು ಶಾಶ್ವತವಾಗಿ ಕೆಡಿಸುವಷ್ಟು ಬಲವಾಗಿರುತ್ತದೆ. ಅದರಲ್ಲೂ ಸಿಡಿಯ ಲೇಸರ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ. ಉರಿಯುತ್ತಿದೆಯಾ ನೋಡೋಣ ಎಂದು ಬಗ್ಗುವವರಿಗೆ ಅಪಾಯವೇ ಗೊತ್ತಾಗುವುದಿಲ್ಲ. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಆಮೇಲೆ ಪರೀಕ್ಷಿಸಿ.

ಇಷ್ಟು ಮಾಡಿದ ಮೇಲೂ ಅಚ್ಚಿನ ಡಿವಿಡಿ ಓದದಿದ್ದರೆ ಲೇಸರ್ ಸವೆದಿದೆ ಎಂದೇ ಅರ್ಥ. ಒಳಗಿನ ಪುಟ್ಟ ಸ್ಕ್ರೂ ತಿರುಗಿಸಿ ಲೇಸರ್‌ನ ಶಕ್ತಿ ಹೆಚ್ಚಿಸಬಹುದು ಎಂದು ಕೆಲವರು ಹೇಳಿಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಸವೆದ ಲೇಸರ್‌ಗೆ ಜಾಸ್ತಿ ಕರೆಂಟ್ ಕೊಟ್ಟರೆ ಕೆಲ ದಿನ ಓದಿ ಬೇಗ ಸುಡುತ್ತದೆ. ಡ್ರೈವ್ ಬದಲಿಸಿ. ಅಥವಾ ಯುಎಸ್‌ಬಿಗೆ ಚುಚ್ಚುವ ಡ್ರೈವ್ ತೆಗೆದುಕೊಳ್ಳಿ, ಮುಂದೆ ಯಾವ ಕಂಪ್ಯೂಟರಿಗೂ ಬಳಸಬಹುದು. ಅದನ್ನು ಕಂಪ್ಯೂಟರಿನ ಹಿಂದಿನ ಪೋರ್ಟ್‌ಗೆ ನೇರವಾಗಿ ಚುಚ್ಚಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ 900. ಒಂದು ಪೋರ್ಟನ್ನು ಹಲವಾಗಿಸುವ ಹಬ್‌ಗೆ ಸ್ವಂತ ಪವರ್ ಇಲ್ಲದಿದ್ದರೆ ಅದರಲ್ಲಿ ಅಷ್ಟೂ ಕರೆಂಟ್ ಸಿಗುವುದಿಲ್ಲ. ಡಿಸ್ಕ್ ವೇಗ ಹಿಡಿಯುವ ಹೊತ್ತಿಗೆ ಟಕ್ಕೆಂದು ಸಂಪರ್ಕ ಕಡಿದುಹೋಗುತ್ತದೆ. ಹೊಸ ಡ್ರೈವೇ ಕೆಟ್ಟಿದೆ ಎಂದು ಎಷ್ಟೋ ಜನ ವಾಪಸ್ ಕೊಡುವುದು ಇದೇ ಕಾರಣಕ್ಕೆ.

ಈಗ ಇನ್ನೊಂದು ಸಾಧ್ಯತೆ: ಅಚ್ಚಿನ ಡಿವಿಡಿ ಓದಿತು, ಮಗಳ ವಿಡಿಯೊ ಮಾತ್ರ ಓದಲಿಲ್ಲ. ಆಗ ಆ ವಿಡಿಯೊವನ್ನು ಡಿಸ್ಕಿಗೆ ಬರೆದದ್ದು ಯಾವುದರಲ್ಲಿ ಎಂದು ನೆನಪು ಮಾಡಿಕೊಳ್ಳಿ. ಹಿಂದೆ ಡಿವಿಡಿಗೇ ನೇರವಾಗಿ ಬರೆಯುವ ಕ್ಯಾಮೆರಾಗಳು, ಟಿವಿಗೆ ಜೋಡಿಸುವ ರೆಕಾರ್ಡರ್‌ಗಳು ಇದ್ದವು. ಅವುಗಳಲ್ಲಿ ಬರೆದ ಮೇಲೆ ಕೊನೆಯಲ್ಲಿ ಫೈನಲೈಸ್ ಎಂಬ ಒಂದು ಕೆಲಸ ಮಾಡಬೇಕಿತ್ತು. ಅದನ್ನು ಮಾಡದೆ ಬಿಟ್ಟ ಡಿಸ್ಕ್ ಬರೆದ ಯಂತ್ರದಲ್ಲಿ ಮಾತ್ರ ಓಡುತ್ತದೆ. ಕಂಪ್ಯೂಟರಿಗೆ ಅದು ಖಾಲಿ ಡಿಸ್ಕ್. ವಿಡಿಯೊ ಒಳಗೆ ಇರುತ್ತದೆ, ಅದನ್ನು ತೋರಿಸುವ ಪಟ್ಟಿ ಇರುವುದಿಲ್ಲ. ಆ ಕ್ಯಾಮೆರಾ ಮನೆಯಲ್ಲಿ ಇನ್ನೂ ಇದ್ದರೆ ಡಿಸ್ಕನ್ನು ಅದಕ್ಕೇ ಹಾಕಿ ಮೆನುವಿನಲ್ಲಿ ಫೈನಲೈಸ್ ಮಾಡಿ, ಕಂಪ್ಯೂಟರಿನಲ್ಲೂ ತೆರೆದುಕೊಳ್ಳುವ ಸಾಧ್ಯತೆ ತುಂಬ ಇದೆ.

ಇಂಥ ಹೊತ್ತಿನಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳಬಹುದು. ಯಾವ ಕಾರಣಕ್ಕೂ ಹೂಂ ಅನ್ನಬೇಡಿ. ಕ್ಯಾನ್ಸಲ್ ಒತ್ತಿ, ಡಿಸ್ಕನ್ನು ಹೊರತೆಗೆಯಿರಿ. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕಾಗಿದ್ದರೆ ಆ ಒಂದು ಒತ್ತಿನಲ್ಲಿ ಮಗಳ ಬಾಲ್ಯವೇ ಅಳಿಸಿಹೋದೀತು.

ಮನೆಯಲ್ಲಿ ಬರೆದ ಡಿಸ್ಕಿಗೆ ವಯಸ್ಸಾಗುವುದೂ ಇದೆ. ಅಚ್ಚಿನ ಡಿಸ್ಕಿನಲ್ಲಿ ಬರಹ ಸಣ್ಣ ಸಣ್ಣ ತಗ್ಗುಗಳಾಗಿ ಒತ್ತಿ ಕೂತಿರುತ್ತದೆ. ಒಂದೇ ಸಲ ಬರೆಯುವ ಡಿಸ್ಕಿನಲ್ಲಿ ಅದು ಬಣ್ಣದ ಪದರವನ್ನು ಲೇಸರ್‌ನಿಂದ ಸುಟ್ಟು ಮಾಡಿದ ಗುರುತು. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಮಾಸಿದ ಡಿಸ್ಕನ್ನು ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದಬಹುದು. ಇದು ನಾನು ಎಷ್ಟೋ ಸಲ ಕಣ್ಣಾರೆ ಕಂಡದ್ದು. ಒಂದೇ ಡಿಸ್ಕನ್ನು ಮೂರು ಡ್ರೈವ್‌ಗೆ ಹಾಕಿದರೆ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ಹಾಗಾಗಿ ಸ್ನೇಹಿತರ ಹಳೆಯ ಕಂಪ್ಯೂಟರಿನಲ್ಲೂ ಹಾಕಿ ನೋಡದೆ ಡಿಸ್ಕನ್ನು ಬಿಸಾಡಬೇಡಿ.

ಇದೇ ತೊಂದರೆಯ ಬೇರೆ ರೂಪಗಳಿರುವ ಓದುಗರೂ ಇರುತ್ತಾರೆ, ಅವರಿಗಾಗಿ ಇಷ್ಟು. ಬಟನ್ ಒತ್ತಿದರೂ ಲೈಟ್ ಇಲ್ಲ, ಟ್ರೇ ಅಲುಗುವುದಿಲ್ಲ ಎಂದರೆ ಕರೆಂಟಿನ ಕೇಬಲ್ ನೋಡಿ. ಟ್ರೇ ತೆರೆಯುತ್ತದೆ, ಆದರೆ ಕಂಪ್ಯೂಟರ್ ಆನ್ ಆಗುವಾಗ ಬರುವ ಬಯೋಸ್ ಪಟ್ಟಿಯಲ್ಲೇ ಡ್ರೈವ್ ಇಲ್ಲ ಎಂದರೆ ಮಾಹಿತಿಯ ಕೇಬಲ್ ಸಡಿಲ. ಕಿತ್ತು ಮತ್ತೆ ಕೂರಿಸಿ, ಆಗದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್. ಬಟನ್ ಒತ್ತಿದರೆ ಒಳಗೆ ಮೋಟಾರ್ ಗುಂಯ್‌ಗುಟ್ಟುತ್ತದೆ, ಟ್ರೇ ಮಾತ್ರ ಬರುವುದಿಲ್ಲ, ತಟ್ಟಿದರೆ ಬರುತ್ತದೆ ಎಂದರೆ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕನ್ನು ಟ್ರೇ ಮೇಲೆ ಸುಮ್ನೆ ಇಟ್ಟರೆ ಸಾಲದು, ನಡುವಿನ ಗುಬುಟಿಗೆ ಟಕ್ ಎನ್ನುವವರೆಗೆ ಒತ್ತಬೇಕು. ಡಿಸ್ಕಿನಲ್ಲಿರುವ ಫೋಲ್ಡರುಗಳು ಕಾಣುತ್ತವೆ, ಸಿನಿಮಾ ಮಾತ್ರ ಓಡುತ್ತಿಲ್ಲ ಎಂದರೆ ಡ್ರೈವಿಗೆ ಏನೂ ಆಗಿಲ್ಲ. ವಿಂಡೋಸ್ 10ರಲ್ಲಿ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ಜೊತೆಗೆ ಬರುವುದಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಅದು ಉಚಿತ.

ವಿಂಡೋಸ್‌ನದೇ ತಪ್ಪು ಇರುವ ಸಂದರ್ಭವೂ ಒಂದಿದೆ. ಬಯೋಸ್‌ನಲ್ಲಿ ಡ್ರೈವ್ ಕಾಣುತ್ತದೆ, ವಿಂಡೋಸ್‌ನಲ್ಲಿ ಮಾಯ. ಕಂಪ್ಯೂಟರಿನ ಭಾಗಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವಿನ ಹೆಸರಿನ ಪಕ್ಕ ಹಳದಿ ಗುರುತು, ತೆರೆದು ನೋಡಿದರೆ ಕೋಡ್ 19 ಅಥವಾ 39. ಮೊದಲು ಅಲ್ಲೇ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ, ಹಿಂದೆ ಹಾಕಿ ತೆಗೆದ ಯಾವುದೋ ಡಿಸ್ಕ್ ಬರೆಯುವ ತಂತ್ರಾಂಶ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗ) ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನು ಬಿಟ್ಟುಹೋಗಿರುತ್ತದೆ. ಸಿಡಿ ಡ್ರೈವ್‌ಗಳ ವಿಭಾಗದಲ್ಲಿರುವ ಆ ಎರಡನ್ನು ಮಾತ್ರ ಅಳಿಸಿ ರೀಸ್ಟಾರ್ಟ್ ಮಾಡಿದರೆ ಡ್ರೈವ್ ಮರಳಿ ಬರುತ್ತದೆ. ಅದೇ ಹೆಸರಿನ ನಮೂದುಗಳು ಕೀಬೋರ್ಡ್, ಮೌಸ್‌ಗಳ ವಿಭಾಗದಲ್ಲೂ ಇರುತ್ತವೆ. ಅಲ್ಲಿ ಅಳಿಸಿದರೆ ಕೀಬೋರ್ಡೇ ಕೈಕೊಡುತ್ತದೆ. ಅಳಿಸುವ ಮೊದಲು ಆ ವಿಭಾಗವನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ರಿಜಿಸ್ಟ್ರಿ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತಪ್ಪು ವಿಂಡೋಸ್‌ನದೋ ಡ್ರೈವಿನದೋ ಎಂದು ತಿಳಿಯದಿದ್ದರೆ ಯಾವುದಾದರೂ ಲಿನಕ್ಸ್ ಲೈವ್ ಡಿಸ್ಕಿನಿಂದ (ವಿಂಡೋಸ್ ಬದಲು ಡಿಸ್ಕಿನಿಂದಲೇ ನೇರವಾಗಿ ಓಡುವ ಬೇರೆ ಆಪರೇಟಿಂಗ್ ಸಿಸ್ಟಂ) ಕಂಪ್ಯೂಟರನ್ನು ಬೂಟ್ ಮಾಡಿ ನೋಡಿ. ಅದು ಏಳುತ್ತದೆ ಅಂದರೆ ಡ್ರೈವ್ ಗಟ್ಟಿಯಾಗಿದೆ.

ಮತ್ತೆ ನಿಮ್ಮ ವಿಷಯಕ್ಕೆ ಬರುತ್ತೇನೆ. ಡ್ರೈವ್ ಸರಿಯಾದ ದಿನ, ಅಥವಾ ಹೊಸದು ಬಂದ ದಿನ, ವಿಡಿಯೊ ನೋಡಲು ಕೂರುವ ಮೊದಲು ಕಾಪಿ ಮಾಡಿ. 4.7 ಜಿಬಿಯ ಡಿಸ್ಕ್ ಚೆನ್ನಾಗಿದ್ದರೆ ಹತ್ತು ಹದಿನೈದು ನಿಮಿಷದ ಕೆಲಸ. ವಿಡಿಯೊ ಡಿವಿಡಿಯಾದರೆ ವಿಡಿಯೊ ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕ್‌ಗೆ ಎಳೆದು ಹಾಕಿ. ನಡುವೆ ತಪ್ಪು ತೋರಿಸಿ ನಿಂತರೆ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಿ, ಬಂದಷ್ಟು ಬರಲಿ. ಸಿಕ್ಕಿಹಾಕಿಕೊಂಡ ಫೈಲಿಗೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಓದಲು ಬರುವ ಭಾಗವನ್ನು ಮೊದಲು ತೆಗೆದುಕೊಂಡು, ಬಾರದ ಜಾಗಗಳನ್ನು ಗುರುತು ಹಾಕಿಕೊಂಡು, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅರ್ಧಕ್ಕೆ ನಿಲ್ಲಿಸಿ ಅದೇ ಡಿಸ್ಕನ್ನು ಬೇರೆ ಡ್ರೈವ್‌ಗೆ ಹಾಕಿದರೂ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ. ಕಾಪಿ ಆದಮೇಲೆ ವಿಡಿಯೊವನ್ನು ಹಾರ್ಡ್ ಡಿಸ್ಕ್‌ನಿಂದಲೇ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿ, ಮಗಳನ್ನೂ ಜೊತೆಗೆ ಕೂರಿಸಿಕೊಂಡು. ಎಲ್ಲೂ ತಡವರಿಸದೆ ಓಡಿತು ಎಂದ ಮೇಲೆ ಇನ್ನೊಂದು ಕಾಪಿಯನ್ನು ಪೆನ್‌ಡ್ರೈವ್‌ಗೋ ಬೇರೆ ಹಾರ್ಡ್ ಡಿಸ್ಕಿಗೋ ಹಾಕಿಡಿ. ಮೂಲ ಡಿಸ್ಕನ್ನು ಡಬ್ಬಿಯಲ್ಲಿ ನಿಲ್ಲಿಸಿ, ಬಿಸಿಲು ಬೀಳದ ಕಪಾಟಿನಲ್ಲಿಡಿ.